ಕರಿಜಾಲಿಯ ಮೇಲೆ ಹೊರಿಸಿದ ತಪ್ಪು

ಕರೆಮ್ಮನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇದು ಗೊತ್ತಿದ್ದವರು ಆಕೆ ಮೆಲ್ಲಗೆ ಮಾತಾಡತೊಡಗಿದ ಕೂಡಲೇ ಜಾಗ ಖಾಲಿ ಮಾಡುತ್ತಾರೆ. ಪಂಚಾಯಿತಿ ಕಾರ್ಯದರ್ಶಿ ಮಹಾಂತಯ್ಯನಿಗೆ ಗೊತ್ತಿರಲಿಲ್ಲ. ಆತ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ.

ದೇವದುರ್ಗದ ಕಡೆ ಕುರಿಗಾರರ ಮನೆಯಲ್ಲಿ ಹುಟ್ಟಿ ಮಾನ್ವಿ ಸೀಮೆಯ ಕುರಿಗಾರರ ಮನೆಗೆ ಸೊಸೆಯಾಗಿ ಬಂದವಳು ಕರೆಮ್ಮ. ವಯಸ್ಸು ಐವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೂ ಹಿಂಡನ್ನು ಒಬ್ಬಳೇ ಕಾಯ್ದುಕೊಂಡು ಬಂದಿದ್ದಾಳೆ. ನೀರಮಾನ್ವಿಯ ಆಚೆ ಮೇಯುವ ನೆಲವೆಲ್ಲ ಭತ್ತದ ಗದ್ದೆಯಾದ ಮೇಲೆ ಆಕೆಗೆ ಉಳಿದದ್ದು ಗೋಮಾಳದ ಒಂದು ತುಂಡು, ಅದರ ಅಂಚಿನಲ್ಲಿ ಸಾಲಾಗಿ ನಿಂತ ಹನ್ನೊಂದು ಕರಿಜಾಲಿ ಮರ. ಬೇಸಿಗೆಯಲ್ಲಿ ಕುರಿಗಳು ಬದುಕುವುದೇ ಆ ಮರಗಳು ಉದುರಿಸುವ ಕಾಯಿ ತಿಂದು, ಆ ನೆರಳಲ್ಲಿ ಮಲಗಿ. ಮರ ಹೋದರೆ ಹಿಂಡನ್ನು ಸಂತೆಗೆ ಹೊಡೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಹೋದ ವರ್ಷ ರಾಯಚೂರಿನಿಂದ ಉಮಾಶ್ರೀ ಎಂಬ ಹುಡುಗಿ ಬಂದಳು. ಸಂಶೋಧನೆ ಮಾಡುವವಳು. ಕಾಂಡಕ್ಕೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬಿಕೊಳ್ಳುತ್ತಿದ್ದಳು. ಉತ್ತರದ ಹಿಮದ ದೇಶಗಳ ಕಾಡುಗಳಲ್ಲಿ ಮರಗಳು ಮಿಥೇನ್ ಎಂಬ ಅನಿಲ ಬಿಡುವುದನ್ನು ಅಲ್ಲಿಯವರು ಅಳೆದಿದ್ದಾರಂತೆ. ನೀರು ನಿಂತ ನೆಲದಲ್ಲಿ ಕೊಳೆತದ್ದರಿಂದ ಹುಟ್ಟಿ, ಬೇರಿನಿಂದ ಏರಿ, ಕಾಂಡದಿಂದ ಹೊರಬೀಳುತ್ತದಂತೆ. ಒಣನೆಲದ ಮರಗಳು ಅದನ್ನೇ ಗಾಳಿಯಿಂದ ಹೀರುವುದೂ ಉಂಟಂತೆ. ನಮ್ಮ ಕಡೆಯ ಮರಗಳ ಕತೆ ಏನು, ನೋಡಬೇಕು ಎಂದಳು ಹುಡುಗಿ. ಕರೆಮ್ಮ ಆಸಕ್ತಿಯಿಂದ ಡಬ್ಬಿ ಹಿಡಿದಳು, ಹಗ್ಗ ಬಿಗಿದಳು, ಮಜ್ಜಿಗೆ ಕೊಟ್ಟಳು.

ಒಂದು ಮಧ್ಯಾಹ್ನ ಉಮಾಶ್ರೀ ಕಾಂಡಕ್ಕೆ ಸಣ್ಣ ತೂತು ಕೊರೆದು, ಮಿಥೇನ್ ಇದ್ದರೆ ಉರಿಯುತ್ತದೆ ಎಂದು ಕಡ್ಡಿ ಗೀರಲು ಹೇಳಿದಳು. ಕರೆಮ್ಮ ಗೀರಿದಳು. ತೂತಿನ ಬಾಯಲ್ಲಿ ಬೆರಳುದ್ದದ ನೀಲಿ ಉರಿ ಎದ್ದಿತು. ಪಕ್ಕದ ಅಕ್ಕಿ ಮಿಲ್ಲಿನ ಲಾರಿ ಡ್ರೈವರ್ ಮೊಬೈಲ್ ಹಿಡಿದು ನಿಂತಿದ್ದ. ಕರೆಮ್ಮ ಅವನ ಕಡೆ ತಿರುಗಿ ನಗುತ್ತ ಅಂದಳು:

“ನೋಡೋ ತಮ್ಮಾ, ಗಿಡಕ್ಕ ಹೊಟ್ಟಿ ಉಬ್ಬ್ಯಾದ.”

ಕುರಿಗಾರರು ಆಡುವ ಮಾತೇ ಅದು. ಹಸಿ ಮೇವು ಹೆಚ್ಚು ತಿಂದು ಕುರಿಯ ಹೊಟ್ಟೆ ಉಬ್ಬಿದರೆ ಬಾಯಿಗೆ ಅಡ್ಡಲಾಗಿ ಬೇವಿನ ಕಡ್ಡಿ ಕಟ್ಟಿ ಗಾಳಿ ಬಿಡಿಸುತ್ತಾರೆ. ಆದರೆ ಎರಡೇ ದಿನದಲ್ಲಿ ಆ ವಿಡಿಯೋ ಊರೂರು ಸುತ್ತಿ ಬಂತು, ತಲೆಯ ಮೇಲೆ ದಪ್ಪ ಅಕ್ಷರ ಹೊತ್ತುಕೊಂಡು: ‘ವಿಷಗಾಳಿ ಉಗುಳುವ ರೋಗದ ಮರ’. ಜೊತೆಗೆ ಕರೆಮ್ಮನ ನಗು, ಕರೆಮ್ಮನ ಕೈ, ಕರೆಮ್ಮನ ಮಾತು.

ಇದರಿಂದ ಖುಷಿಪಟ್ಟವನು ಮಿಲ್ಲಿನ ಮಾಲೀಕ ಗಡಿಗೆಪ್ಪ. ಲಾರಿಗಳಿಗೆ ನೇರ ದಾರಿ ಬೇಕಾಗಿತ್ತು, ಮರಗಳು ಅಡ್ಡ ನಿಂತಿದ್ದವು. ಲಾರಿ ನಿಲ್ಲಿಸಲು ಜಾಗ ಬೇಕೆಂದು ಆತ ಎರಡು ವರ್ಷದ ಹಿಂದೆಯೇ ಬಸಿಗಾಲುವೆಗೆ ಭತ್ತದ ಹೊಟ್ಟಿನ ಬೂದಿ ಸುರಿದು ಮುಚ್ಚಿಬಿಟ್ಟಿದ್ದ. ಗದ್ದೆಗಳಿಂದ ಬಸಿದ ನೀರು ಹೋಗಲು ದಾರಿಯಿಲ್ಲದೆ ಮರಗಳ ಬುಡದಲ್ಲೇ ಕೊಳೆಯುತ್ತ ನಿಂತಿತು. ಕೆಸರು ಮಾಡಿದವನು ಈತ, ಕೆಸರಿನಲ್ಲಿ ನಿಂತದ್ದು ಮರ. ಈಗ ಮರ ಕಡಿಸಿ ಎಂದು ಪಂಚಾಯಿತಿಗೆ ಬರೆದ ಅರ್ಜಿದಾರ ಈತನೇ, ಮರವೇ ಅಪರಾಧಿ. ನಾಚಿಕೆಗೇಡಿನ ಕೆಲಸಕ್ಕೂ ಒಂದು ಮಿತಿ ಬೇಡವೇ?

ಪಂಚಾಯಿತಿ ಸಭೆಯಲ್ಲಿ ಗಡಿಗೆಪ್ಪ ಇಂಟರ್‌ನೆಟ್ಟಿನಿಂದ ತೆಗೆಸಿದ ಕಾಗದ ಓದಿಸಿದ. ಹಿಮದ ನಾಡಿನ ಮರಗಳ ಲೆಕ್ಕ ಅದು. ಕರಿಜಾಲಿಯ ಹೆಸರೇ ಇರಲಿಲ್ಲ. ಮರ ಕಡಿಯಿರಿ ಎಂದೂ ಅದರಲ್ಲಿ ಯಾರೂ ಬರೆದಿರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು.

“ಯವ್ವಾ, ಕಡ್ಡಿ ಗೀರಿದಾಕಿ ನೀನ. ಗಿಡಕ್ಕ ಬ್ಯಾನಿ ಅದ ಅಂದಾಕಿನೂ ನೀನ,” ಎಂದ ಗಡಿಗೆಪ್ಪ.

ಕರೆಮ್ಮನ ದನಿ ಇಳಿಯಿತು. “ಕುರಿ ಹೊಟ್ಟಿ ಉಬ್ಬಿದ್ರ ಕುರಿ ಕೊಯ್ತೀವೇನ್ರಿ, ಸಾವ್ಕಾರ್ರ? ಏನು ತಿಂದದ ಅಂತ ನೋಡ್ತೀವಿ. ಗಿಡದ ಬುಡಕ್ಕ ನೀರು ನಿಂದರಿಸಿದವರು ಯಾರು, ಅದನ್ನ ಹೇಳ್ರಿ.”

“ಅದು ಇವತ್ತಿನ ವಿಷಯ ಅಲ್ಲಮ್ಮ,” ಎಂದ ಮಹಾಂತಯ್ಯ. ಮರ ಕಡಿಯುವ ಠರಾವು ಪಾಸಾಯಿತು.

ಕರೆಮ್ಮ ಉಮಾಶ್ರೀಗೆ ಫೋನು ಮಾಡಿದಳು. ಆ ಹುಡುಗಿ, ಮೇಲಿನವರಿಗೆ ಬರೆಯುತ್ತೇನೆ, ನಾಲ್ಕು ದಿನ ತಡೆಯಿರಿ ಎಂದಳು. ಪಂಚಾಯಿತಿಯವರು ಮೂರು ದಿನವೂ ತಡೆಯಲಿಲ್ಲ. ಬೆಳಿಗ್ಗೆ ಕರೆಮ್ಮ ಕುರಿಗಳಿಗೆ ನೀರು ಕುಡಿಸಿಕೊಂಡು ಬರುವಷ್ಟರಲ್ಲಿ ಒಂಬತ್ತು ಮರ ಉರುಳಿದ್ದವು. ಕುರಿಗಳು ಬಿದ್ದ ಕೊಂಬೆಗಳ ಮೇಲೆ ಮುಗಿಬಿದ್ದು ಎಳೆಗಾಯಿ ಮೇಯತೊಡಗಿದವು. ಅದನ್ನು ನೋಡುವುದು ಆಕೆಗೆ ಇನ್ನೂ ಕಷ್ಟವಾಯಿತು.

ಗರಗಸದ ಮಷಿನ್ ಹಿಡಿದಿದ್ದವನು ಜಹೀರ್, ಮಾನ್ವಿಯವನು.

“ಜಹೀರಣ್ಣ, ಮಷಿನ್ ಬಂದ್ ಮಾಡ್ರಿ. ಒಂದು ಚಣ ಇಲ್ಲಿ ಬರ್ರಿ.”

ಮರಗಳಿಂದ ದೂರ, ಕಾಲುವೆ ಮುಚ್ಚಿದ್ದ ಬೂದಿಯ ದಿಬ್ಬದ ಬುಡಕ್ಕೆ ಅವನನ್ನು ಕರೆದೊಯ್ದಳು. ನೀರಿನ ಬಾಟಲಿಯ ತಳ ಕತ್ತರಿಸಿ, ಬಾಯಿ ಮೇಲಾಗಿ ಕೆಸರುನೀರಿನಲ್ಲಿ ಮುಳುಗಿಸಿ, ಒಳಗೆ ನೀರು ತುಂಬಿದ ಮೇಲೆ ಮುಚ್ಚಳ ಹಾಕಿ ಒತ್ತಿ ಹಿಡಿದಳು. ಕೋಲಿನಿಂದ ಅದರಡಿಯ ಕೆಸರನ್ನು ಕೆದಕಲು ಹೇಳಿದಳು. ಗುಳುಗುಳು ಗುಳ್ಳೆಗಳೆದ್ದು ಬಾಟಲಿ ತುಂಬಿದವು. ಮುಚ್ಚಳ ತೆಗೆದು ಕಡ್ಡಿ ಗೀರಿದಳು. ಅದೇ ನೀಲಿ ಉರಿ.

“ಇಲ್ಲಿ ಯಾವ ಗಿಡ ಅದರಿ?”

ಜಹೀರ್ ಮಷಿನ್ ಒಯ್ದು ತನ್ನ ಆಟೋದಲ್ಲಿಟ್ಟ. “ಇನ್ನೆರಡಕ್ಕ ನನ್ನ ಕೈ ಬರಂಗಿಲ್ಲರಿ,” ಎಂದ.

ಅಷ್ಟರಲ್ಲಿ ಮಹಾಂತಯ್ಯ ಪಂಚನಾಮೆ ಹಿಡಿದು ಬಂದ. ‘ವಿಷಾನಿಲ ಸೂಸುತ್ತಿದ್ದ ರೋಗಪೀಡಿತ ಮರಗಳನ್ನು ತೆರವುಗೊಳಿಸಲಾಯಿತು’ ಎಂದು ಬರೆದಿತ್ತು. ವಿಡಿಯೋದಲ್ಲಿ ಇರುವವಳೆಂದು ಸಾಕ್ಷಿಗೆ ಕರೆಮ್ಮನ ಹೆಬ್ಬೆಟ್ಟೇ ಬೇಕಾಗಿತ್ತು. ಆಕೆ ಎರಡು ಸಲ ಓದಿಸಿ ಕೇಳಿದಳು.

“ಕಾಲ್ವಿ ಮುಚ್ಚಿದವರು ಗಡಿಗೆಪ್ಪ, ಗಾಳಿ ಕೆಸರಿಂದು, ಗಿಡದ್ದು ತಪ್ಪಿಲ್ಲ ಅಂತ ಬರೀರಿ. ಹೆಬ್ಬೆಟ್ಟೇನು, ಹತ್ತೂ ಬೆರಳು ಒತ್ತತೀನಿ.”

ಮಹಾಂತಯ್ಯ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಕರೆಮ್ಮ ಗದ್ದೆಯವರ ಹತ್ತಿರ ಸಲಿಕೆ ಇಸಿದುಕೊಂಡು ಬಂದು, ಸೀರೆ ಎತ್ತಿ ಕಟ್ಟಿ, ಬೂದಿಯ ದಿಬ್ಬವನ್ನು ತೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಜಹೀರನೂ ಇನ್ನೊಂದು ಸಲಿಕೆ ಹಿಡಿದ. ಬಿಸಿಲೇರುವ ಹೊತ್ತಿಗೆ ಕಪ್ಪು ನೀರು ಒಂದು ಮೊಳದಗಲದ ದಾರಿ ಮಾಡಿಕೊಂಡು ಹರಿಯತೊಡಗಿತು. ಸುದ್ದಿ ಮುಟ್ಟಿ ಗಡಿಗೆಪ್ಪ ಓಡಿಬಂದ.

“ಯಾರನ್ನ ಕೇಳಿ ತೋಡಾಕತ್ತಿ?”

ಕರೆಮ್ಮ ಸಲಿಕೆ ನಿಲ್ಲಿಸಲಿಲ್ಲ. ಹತ್ತಿರ ಬಂದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

“ಈ ಕಾಲ್ವಿ ಯಾರನ್ನ ಕೇಳಿ ಮುಚ್ಚಿದ್ರಿ?”