ಕಲ್ಲು ಅಂದರೆ ಕಲ್ಲಲ್ಲ

ರಾಯದುರ್ಗದ ನಮ್ಮ ಕನ್ನಡ ಮೇಷ್ಟ್ರು ಕೋಟೆಯ ಪದ್ಯ ಕಲಿಸುವಾಗ ಸೀಮೆಸುಣ್ಣವನ್ನು ಕಿಟಕಿಯಾಚೆಯ ಬೆಟ್ಟದತ್ತ ಚಾಚಿ, “ಕಲ್ಲು ಅಂದ್ರ ಬರೇ ಕಲ್ಲಲ್ರಪ್ಪಾ. ಮತ್ತೇನು? ಅದು ತಿಳಿದ್ರ ಪದ್ಯ ತಿಳೀತು” ಎನ್ನುತ್ತಿದ್ದರು. ನಾವು ಉತ್ತರ ಬರೆದುಕೊಳ್ಳಲು ನೋಟ್‌ಬುಕ್ ತೆರೆದಿಟ್ಟು ಕೂರುತ್ತಿದ್ದೆವು. ಕೊನೆಗೆ ಅವರೇ ಆಕಳಿಸುತ್ತ ಗೈಡಿನ ಉತ್ತರ ಬರೆಸುತ್ತಿದ್ದರು.

ಒಂದು ದಿನ ‘ಕಲ್ಲು ಊರ ಕಾಯುತ್ತದೆ’ ಎಂಬ ಸಾಲು ಓದಿ ಮತ್ತೆ ಅದನ್ನೇ ಕೇಳಿದರು. ತೆಲುಗಿನಲ್ಲಿ ಕಣ್ಣುಗಳಿಗೆ ‘ಕಳ್ಳು’ ಎನ್ನುತ್ತಾರೆ. ಮನೆಯಲ್ಲಿ ತೆಲುಗಾಡುವ ನಾನು ‘ಕಲ್ಲು’ ಎಂದದ್ದನ್ನು ಹಾಗೆಯೇ ಕೇಳಿಸಿಕೊಂಡು, “ಕಣ್ಣು, ಸಾರ್” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ನನ್ನ ತಪ್ಪು ಅವರಿಗೂ ತಿಳಿಯಿತು. ಆದರೆ ತಿದ್ದಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, “ಇಷ್ಟು ವರ್ಷಕ್ಕ ಒಬ್ಬಾಕಿ ಹೇಳಿದ್ಲು ನೋಡ್ರಿ” ಎಂದರು.

ಈಗ ಆ ಪದ್ಯ ಕಲಿಸುವವಳು ನಾನು. ಅದೇ ಪ್ರಶ್ನೆ ಕೇಳಿ, ಯಾರಾದರೂ ತಪ್ಪನ್ನಾದರೂ ಹೇಳಲಿ ಎಂದು ಬೆಲ್ ಹೊಡೆಯುವವರೆಗೂ ಕಾಯುತ್ತೇನೆ.