ಕುಲಾವಿಯ ನಡುವಿನ ಗೆರೆ

ನನ್ನ ಮೊಮ್ಮಗಳ ಕುಲಾವಿಯ ನಡುವೆ ಒಂದು ಗೆರೆ ಇದೆ. ಬಂದವರೆಲ್ಲ ಅದನ್ನು ಡಿಸೈನು ಅಂದುಕೊಳ್ಳುತ್ತಾರೆ. ಡಿಸೈನೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿಗೆ ನಮ್ಮವ್ವನ ಬಲಗೈ ನಿಂತಿತು, ಅಲ್ಲಿಂದ ನನ್ನ ಎಡಗೈ ಶುರುವಾಯಿತು.

ನಾನು ಹುಟ್ಟಿನಿಂದ ಎಡಚಿ. ಪಾಂಡವಪುರದ ಕಡೆಯ ನಮ್ಮ ಒಕ್ಕಲು ಮನೆಯಲ್ಲಿ ಎಡಗೈಯಲ್ಲಿ ಸಗಣಿ ಬಾಚು, ಎಮ್ಮೆ ಮೈ ತೊಳಿ, ಯಾರೂ ಕೇಳುವವರಿಲ್ಲ. ಉಣ್ಣುವುದಕ್ಕೆ ಮಾತ್ರ ಕೂಡದು. ನಾನು ತಟ್ಟೆಗೆ ಎಡಗೈ ಹಾಕಿದರೆ ಸಾಕು, ಅವ್ವ ಹಳೇ ಸೀರೆಯ ಅಂಚಿನಿಂದ ಆ ಕೈಯನ್ನು ನನ್ನ ಲಂಗದ ಲಾಡಿಗೆ ಕಟ್ಟಿಬಿಡುತ್ತಿದ್ದಳು. ಉಂಡಾದ ಮೇಲೆ ಬಿಚ್ಚುತ್ತಿದ್ದಳು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ, ಆ ಗಂಟು ಮಾತ್ರ ಮರೆತಿಲ್ಲ. ಬಲಗೈಯಲ್ಲಿ ಉಣ್ಣುವುದು ಕಲಿತೆ.

ಮದುವೆಗೆ ಮುಂಚೆ ಅವ್ವ ಕೆ.ಆರ್.ಎಸ್. ಕ್ವಾರ್ಟರ್ಸಿನಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿದ್ದುಕೊಂಡು ಉಲ್ಲನ್ ಹಾಕುವುದು ಕಲಿತಿದ್ದಳು. ನಮ್ಮ ನೆಂಟರಿಷ್ಟರಲ್ಲಿ ಕೂಸು ಹುಟ್ಟಿದರೆ ಕುಲಾವಿ ಅವ್ವನದೇ ಆಗಬೇಕು. ನಾನು ಹತ್ತಿರ ಕೂತು ಹೆಣೆಯುವ ಕಡ್ಡಿ ಕೈಗೆ ತಗೊಂಡರೆ ಅದು ತಾನಾಗಿ ಎಡಗೈಗೆ ಹೋಗುತ್ತಿತ್ತು. "ಅಂಗಲ್ಲ ಕಣೇ, ಇಂಗೆ," ಅಂತ ಕಿತ್ತು ಬಲಗೈಗೆ ಕೊಡುತ್ತಿದ್ದಳು. ಬಲಗೈಗೆ ಬಂದರೆ ನನ್ನ ಬೆರಳೆಲ್ಲ ಸೌದೆ. ಕೊನೆಗೆ, "ಬುಡು ಅತ್ಲಾಗೆ, ನಿಂಗೆ ಬರಾಕಿಲ್ಲ," ಅಂದಳು. ನಾನೂ ಬಿಟ್ಟೆ.

ಹೋದ ವರ್ಷ ನನ್ನ ಮಗಳು ನಾಗಮಂಗಲದಿಂದ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಅವ್ವನೂ ನಮ್ಮ ಜೊತೆಯಲ್ಲೇ ಇದ್ದಾಳೆ. ಹುಟ್ಟಬೇಕಿದ್ದ ಮರಿಮಗುವಿಗೆ ಅಂತ ಹಳದಿ ಉಲ್ಲನ್ನಿನಲ್ಲಿ ಕುಲಾವಿ ಶುರು ಮಾಡಿದ್ದಳು. ಅರ್ಧ ಆಗಿತ್ತು, ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತು ತೊದಲಾಯಿತು, ಬಯ್ಗುಳ ಮಾತ್ರ ಹಾಗೇ ಸ್ಪಷ್ಟವಾಗಿ ಉಳಿದುಕೊಂಡಿತು.

ಎಡಗೈಯಲ್ಲೇ ಎಲ್ಲಾ ಅಭ್ಯಾಸ ಮಾಡಿಸಿ ಅಂದರು ಮೈಸೂರಿನ ಡಾಕ್ಟರು. ಅವರಿಗೇನು ಗೊತ್ತು ನಮ್ಮವ್ವನ ಹಟ! "ಆ ಕೈಲಿ ಉಂಬೋಕಿಂತ ಸಾಯೋದೇ ವಾಸಿ," ಅಂದಳು. ಚಮಚ ಕೊಟ್ಟರೆ ಎಸೆದಳು. ನಾನೇ ತುತ್ತು ಮಾಡಿ ಬಾಯಿಗೆ ಇಡಬೇಕು. ಜೀವನವೆಲ್ಲ ಬೇರೆಯವರಿಗೆ ಇಕ್ಕಿದವಳಿಗೆ ಇನ್ನೊಬ್ಬರ ಕೈಲಿ ಉಣ್ಣಲು ನಾಚಿಕೆ. ನಾಕು ತುತ್ತಿಗೆ ಬಾಯಿ ಮುಚ್ಚಿ ಗೋಡೆ ಕಡೆ ತಿರುಗುತ್ತಿದ್ದಳು. ಮಣಿಕಟ್ಟಿನಲ್ಲಿದ್ದ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ಹಿಂಗೇ ಆದರೆ ಅವ್ವ ಕೂಸಿನ ಮುಖ ನೋಡುವುದಿಲ್ಲ ಅಂತ ನನಗೆ ದಿಗಿಲು.

ಆ ಸಂಕಟಕ್ಕೇ ನಾನು ಕಡ್ಡಿ ಹಿಡಿದೆ ಅಂತ ಕಾಣುತ್ತೆ. ಊಟ ಮಾಡಿಸಲಂತೂ ಆಗಲಿಲ್ಲ, ಕುಲಾವಿಯನ್ನಾದರೂ ಮುಗಿಸೋಣ ಅಂತ. ಮಗಳು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಟ್ಟಳು. ನೋಡಿದರೆ ಎಲ್ಲರೂ ಬಲಗೈಯವರೇ. ಆಮೇಲೆ ಬುದ್ಧಿ ಓಡಿ, ಬೀರುವಿನ ಕನ್ನಡಿ ಮುಂದೆ ಮೊಬೈಲು ಇಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಕಲಿತೆ. ಕನ್ನಡಿಯೊಳಗೆ ಆ ಹೆಂಗಸೂ ನನ್ನ ಹಾಗೇ ಎಡಚಿ. ಈ ವಯಸ್ಸಿಗೆ ನನಗೊಬ್ಬಳು ಜೊತೆ ಸಿಕ್ಕಳಲ್ಲ ಅಂತ ಖುಷಿಯಾಯಿತು.

ಮಂಚದ ಮೇಲಿಂದ ಅವ್ವ ಎಲ್ಲಾ ನೋಡುತ್ತಿದ್ದಳು. ಬಿಡಿ ಉಲ್ಲನ್ನಿನಲ್ಲಿ ಕೈ ಪಳಗಿದ ಮೇಲೆ ಅವಳ ಅರ್ಧ ಕುಲಾವಿ ತಗೊಂಡೆ. ಅವಳು ಮಾಡುತ್ತಿದ್ದ ಹಾಗೆ ಸಾಲು ಮುಗಿದ ಕಡೆ ಕಡ್ಡಿ ತಿರುಗಿಸಿದರೆ, ನನ್ನ ಎಡಗೈಗೆ ದಾರ ಸಿಗುತ್ತಲೇ ಇಲ್ಲ, ಆ ತುದಿಯಲ್ಲಿದೆ. ತಿರುಗಿಸದೆ ಹಾಗೇ ಹಿಡಿದರೆ ದಾರ ಸರಿಯಾಗಿ ನನ್ನ ಕೈ ಹತ್ತಿರ! ಅವಳು ಹೋಗಿದ್ದ ದಾರಿಯಲ್ಲೇ ನಾನು ವಾಪಸ್ಸು ಹೊರಟೆ. ಸುಮಾರು ಸಾಲು ಆದ ಮೇಲೆ ನೋಡಿದರೆ, ಶುರು ಮಾಡಿದ ಜಾಗದಲ್ಲಿ ಕುಣಿಕೆಗಳೆಲ್ಲ ತಿರುಚಿಕೊಂಡು ಉದ್ದಕ್ಕೂ ಒಂದು ಗೆರೆ. ಬಲಗೈಯವರ ಕುಣಿಕೆಗೆ ಎಡಗೈಯವರು ಮುಂದಿನಿಂದ ಕಡ್ಡಿ ಹಾಕಿದರೆ ಹಂಗಾಗುತ್ತದೆ, ಹಿಂದಿನಿಂದ ಹಾಕಬೇಕು. ಅದು ಆಗ ನನಗೇನು ಗೊತ್ತು?

ಅವ್ವ ನೋಡಿ, "ಥೂ, ಬಿಚ್ಚಾಕು," ಅಂದಳು.

"ಬಿಚ್ಚಾಕಿಲ್ಲ."

"ಎಡಗೈ ಬುದ್ಧಿ. ಕೂಸಿಗೆ ಹಾಕೋದು ಕಣೇ ಅದು, ಬಿಚ್ಚು!"

ನನಗೆ ಎಲ್ಲಿತ್ತೋ ಸಿಟ್ಟು. "ಎಡಗೈ ಕಂಡ್ರೆ ನಿಂಗೆ ಯಾವಾಗ್ಲೂ ಅಸಯ್ಯ. ನಂದ ಕಟ್ಟಾಕಿದ್ದೆ, ಆಯ್ತು. ಈಗ ನಿಂದೂ ಕಟ್ಟಾಕ್ಕೊಂಡು ಉಪಾಸ ಸಾಯ್ತಿದ್ದೀಯಲ್ಲ, ನಿಂಗಿರೋದು ಅದೊಂದೇ ಕೈ ಕಣವ್ವಾ!" ಅಂದುಬಿಟ್ಟೆ. ಅವ್ವ ಗೋಡೆ ಕಡೆ ತಿರುಗಿದಳು. ಆ ದಿನ ನಾನೂ ಉಣ್ಣಲಿಲ್ಲ.

ಮಾರನೇ ದಿನ ಬಿಸಿಲೇರಿದ ಮೇಲೆ, ನಾನು ಕುಲಾವಿ ಹಿಡಿದು ಕೂತಿದ್ದಾಗ, "ಕೊಡಿಲ್ಲಿ," ಅಂದಳು. ಬಿಚ್ಚುವುದಕ್ಕೇ ಕೇಳುತ್ತಿದ್ದಾಳೆ ಅಂದುಕೊಂಡೆ. ಅವಳು ಎಡಗೈ ಬೆರಳಿನಲ್ಲಿ ಆ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಸವರಿದಳು. "ಇಲ್ಲಿಗಂಟ ನಂದು," ಅಂದಳು. ಆಮೇಲೆ ಕಡ್ಡಿ ಹೆಂಗೆ ಹಿಡಿಯುತ್ತೀಯೆ ಅಂತ ಕೇಳಿದಳು.

ಬಲಗೈಯವರ ರೀತಿಯಲ್ಲಾದರೆ ಅವಳಿಂದ ಆಗುತ್ತಿರಲಿಲ್ಲ. ನನ್ನ ರೀತಿಯಲ್ಲಿ ದುಡಿಯುವುದೆಲ್ಲ ಎಡಗೈ, ಬಲಗೈ ಸುಮ್ಮನೆ ಹಿಡಿದುಕೊಂಡಿದ್ದರೆ ಸಾಕು. ಅವಳ ಬಲಗೈಗೆ ಅದೂ ಆಗದು, ಅದಕ್ಕೆ ಕುಣಿಕೆಗಳಿದ್ದ ಕಡ್ಡಿಯನ್ನು ಬಲಗಂಕುಳಲ್ಲಿ ಸಿಕ್ಕಿಸಿದೆ. ಇನ್ನೊಂದು ಕಡ್ಡಿ ಎಡಗೈಗೆ ಕೊಟ್ಟೆ. ಒಂದು ಕುಣಿಕೆ ಬಂತು, ಎರಡು ಜಾರಿದವು. ಜಾರಿದ್ದನ್ನು ನಾನು ಎತ್ತಿಕೊಟ್ಟೆ. ಕಡ್ಡಿಗೂ ಬೈದಳು, ನನಗೂ ಬೈದಳು.

"ಅಂಗಲ್ಲ ಕಣವ್ವ, ಇಂಗೆ," ಅಂದೆ.

"ಬುಡು, ನಂಗೆ ಬರಾಕಿಲ್ಲ."

"ಬತ್ತದೆ. ನಂಗೇ ಬಂತು."

ಅವ್ವ ಇನ್ನೊಂದು ಕುಣಿಕೆ ಹಾಕಿದಳು.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು ಮಾಡಿದ್ದೆ. ತಟ್ಟೆ ತಂದು, ಯಾವತ್ತಿನ ಹಾಗೆ ಮೊದಲ ತುತ್ತು ಮುರಿಯಲು ಹೋದೆ. "ಇರು, ಕೈ ತೊಳ್ಸು," ಅಂತ ಎಡಗೈ ಮುಂದಕ್ಕೆ ಚಾಚಿದಳು. ಚೊಂಬಿನಿಂದ ನೀರು ಹುಯ್ಯುತ್ತಾ ನಾನು ಆ ಕೈಯನ್ನೇ ನೋಡಿದೆ. "ಏನಂಗ್ ನೋಡ್ತೀಯೆ, ಅತ್ಲಾಗೆ ತಿರಿಕ್ಕೊ. ನಾಚ್ಕೆ ಆಯ್ತದೆ," ಅಂದಳು.

ತಿರುಗಿಕೊಳ್ಳುವುದು ಹೆಂಗೆ? ನಾನೂ ಒಂದು ತಟ್ಟೆ ಇಕ್ಕಿಕೊಂಡು ಅವಳ ಪಕ್ಕ ಕೂತೆ, ನನ್ನ ಬಲಗೈಯನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡು ಎಡಗೈಯನ್ನು ತಟ್ಟೆಗೆ ಹಾಕಿದೆ. ಒಬ್ಬಳಿಗೇ ನಾಚಿಕೆ ಯಾಕೆ ಅಂತ. ಆದರೆ ನನಗೇ ಬರಲಿಲ್ಲ! ಎಡಚಿಯಾಗಿ ಹುಟ್ಟಿದ್ದೇ ಬಂತು, ಆ ಕೈ ಉಣ್ಣುವುದನ್ನು ಕಲಿತೇ ಇರಲಿಲ್ಲ. ಮುದ್ದೆ ಬೆರಳಿಗೆ ಅಂಟಿತು, ಸಾರು ಮೊಣಕೈಗೆ ಇಳಿಯಿತು, ತುತ್ತು ಗಲ್ಲಕ್ಕೆ ತಾಗಿತು.

ಅವ್ವ ತನ್ನ ಊಟ ನಿಲ್ಲಿಸಿ ನೋಡಿದಳು. "ಅಂಗಲ್ಲ ಕಣೇ," ಅಂದಳು. ಎಡಗೈಯಲ್ಲೇ ನನ್ನ ತಟ್ಟೆಯಿಂದ ಒಂದು ಚೂರು ಮುದ್ದೆ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ, "ಇಂಗೆ," ಅಂತ ನನ್ನ ಬಾಯಿಗೆ ಇಟ್ಟಳು.

ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ಆ ತುತ್ತನ್ನು ನುಂಗುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.