ಪಾಸ್ಟರನ ಊಟದ ಗೋಳು

ಹಿಟ್ಸಾಕರ್ ಊರಿನಲ್ಲಿ ರೋಸ್ವಿಟಾಳಂಥ ಪುಕ್ಕಲಿ ಇನ್ನೊಬ್ಬಳಿರಲಿಲ್ಲ. ಈಜುಕೊಳದ ಕಿಟಕಿಯಲ್ಲಿ ಕೂತು ಆಯುಸ್ಸೆಲ್ಲ ಟಿಕೆಟ್ ಹರಿದುಕೊಟ್ಟವಳು, ಒಂದು ದಿನವೂ ಆ ನೀರಿಗೆ ಕಾಲಿಟ್ಟವಳಲ್ಲ. ಗುಡುಗಿದರೆ ಟೀವಿಯ ವಯರು ಕಿತ್ತಿಡುತ್ತಿದ್ದಳು. ಕಣಜದ ಹುಳು ಬಂದರೆ ತಿನ್ನುತ್ತಿದ್ದ ಕೇಕನ್ನು ಅದಕ್ಕೇ ಬಿಟ್ಟುಕೊಟ್ಟು ಏಳುತ್ತಿದ್ದಳು. ಊರವರು ನಗುತ್ತಿದ್ದರು. ನಗುವವರ ಗಂಟೇನು ಹೋಗುತ್ತದೆ? ಹೆದರಿಕೆ ಹೇಗಿರುತ್ತದೆಂದು ಹೆದರಿದವರನ್ನೇ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಮನೆಯ ನೆಲಮಾಳಿಗೆಯದು. ಚಿಕ್ಕವಳಿದ್ದಾಗ ಅಮ್ಮ ಆಲೂಗಡ್ಡೆ ತರಲು ಅವಳನ್ನು ಕೆಳಗೆ ಕಳಿಸಿದ್ದಳು. ಅಣ್ಣ ಬೋಡೊ ಮೇಲಿದ್ದ ಸ್ವಿಚ್ಚು ಆರಿಸಿ, ಬಾಗಿಲಿಗೆ ಚಿಲಕ ಜಡಿದು, ಏನೋ ದೊಡ್ಡ ತಮಾಷೆ ಮಾಡಿದವನಂತೆ ನದಿಯ ಕಡೆ ಓಡಿಹೋಗಿದ್ದ. ಅಮ್ಮ ಬಂದು ಬಾಗಿಲು ತೆಗೆಯುವ ಹೊತ್ತಿಗೆ ಹುಡುಗಿಯ ಗಂಟಲಿನಲ್ಲಿ ಅಳುವುದಕ್ಕೂ ದನಿ ಉಳಿದಿರಲಿಲ್ಲ. ಅಂದಿನಿಂದ ರೋಸ್ವಿಟಾ ಆ ಮೆಟ್ಟಿಲು ಇಳಿದಿಲ್ಲ.

ಹಾಗಾಗಿ ಆಲೂಗಡ್ಡೆ ಬೇಕೆಂದಾಗಲೆಲ್ಲ ಬೋಡೊನೇ ಇಳಿಯಬೇಕು. ಅವನು ಎಲ್ಬೆ ನದಿಯಲ್ಲಿ ಜನರನ್ನು ದೋಣಿ ದಾಟಿಸುತ್ತಿದ್ದ ಗಟ್ಟಿ ಆಳು. ಹೆಂಡತಿ ತೀರಿಹೋದ ಮೇಲೆ ಅಪ್ಪನ ಮನೆಗೇ ವಾಪಸು ಬಂದು ಮಹಡಿಯಲ್ಲಿದ್ದ. ಮದುವೆಯಾಗದ ತಂಗಿ ಕೆಳಗಿದ್ದಳು. ಬುಟ್ಟಿ ಹಿಡಿದು ಇಳಿಯುವಾಗಲೆಲ್ಲ ಅವನದೊಂದು ಕೊಂಕು ಇದ್ದೇ ಇರುತ್ತಿತ್ತು: "ಮಹಾರಾಣಿಯವರಿಗೆ ಇವತ್ತು ಎಷ್ಟು ಆಲೂಗಡ್ಡೆ ಅಪ್ಪಣೆ?" ಈ ವಸಂತದಲ್ಲಿ ಹಾಗೆ ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದವನು ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡ. ಯಾರೂ ರೋಸ್ವಿಟಾಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನು ಆಸ್ಪತ್ರೆಗೆ ಹೋದ ಮೇಲೆ ಅವನ ಗೋಸುಂಬೆ ಅವಳ ಪಾಲಿಗೆ ಬಂತು. ಅದರ ಹೆಸರು ಪಾಸ್ಟರ್. ಚರ್ಚಿನ ಪಾದ್ರಿಯ ಹಾಗೆ ಒಂದು ಕಣ್ಣು ಭಕ್ತರ ಮೇಲೆ, ಇನ್ನೊಂದು ಕಾಣಿಕೆ ಡಬ್ಬಿಯ ಮೇಲೆ ಎಂದು ಬೋಡೊ ಇಟ್ಟ ಹೆಸರು. ಹೆಂಡತಿ ಸತ್ತ ವರ್ಷ ತಂದದ್ದು. ಸಂಜೆ ಹೊತ್ತು ಅವನು ಅದರ ಹತ್ತಿರ ಮಾತಾಡುತ್ತಿದ್ದುದು ರೋಸ್ವಿಟಾಳಿಗೆ ಕೆಳಗಿನವರೆಗೂ ಕೇಳುತ್ತಿತ್ತು. ಬೇರೆ ಯಾರ ಹತ್ತಿರವೂ ಅವನು ಅಷ್ಟು ಮಾತಾಡಿದವನಲ್ಲ.

ಮೊದಲು ಎಲ್ಲ ಸರಿಯಿತ್ತು. ಅಂಗಡಿಯಿಂದ ಜೀರುಂಡೆಯ ಡಬ್ಬಿ ಬರುತ್ತಿತ್ತು. ಅವಳು ಒಲೆಯ ಕೈಗವಸು ತೊಟ್ಟು, ಮುಖ ಆ ಕಡೆ ತಿರುಗಿಸಿ, ಡಬ್ಬಿಯನ್ನು ಗೂಡಿನೊಳಗೆ ಬೋರಲು ಹಾಕುತ್ತಿದ್ದಳು. ಒಂದು ದಿನ ಪಾಸ್ಟರ್ ಬಾಯಿ ಮುಚ್ಚಿತು. ಜೀರುಂಡೆ ಮೂಗಿನ ಮೇಲೆ ನಡೆದರೂ ನಾಲಗೆ ಹೊರಬರಲಿಲ್ಲ. ಕಣ್ಣು ಗುಳಿ ಬಿತ್ತು, ಪಕ್ಕೆಲುಬು ಎದ್ದು ಕಂಡಿತು.

"ಬೇಜಾರಾಗಿದೆ ಅದಕ್ಕೆ," ಎಂದ ಬೋಡೊ ಫೋನಿನಲ್ಲಿ. "ನಿಂಗೆ ದಿನಾ ಬರೀ ನೂಡಲ್ಸ್ ಹಾಕಿದ್ರೆ ತಿಂತೀಯಾ?"

"ದಿನಾ ಅದನ್ನೇ ತಿಂತಾ ಇದೀನಿ. ಆಲೂಗಡ್ಡೆ ತರೋರು ಯಾರು?"

ಬೋಡೊ ಮಾತು ತಿರುಗಿಸಿದ. "ಥರಾವರಿ ಕೊಡು ರೋಸಿ. ಮಿಡತೆ, ನೊಣ, ರೇಷ್ಮೆ ಹುಳ. ಮನೇಲೇ ಇಟ್ಕೊಂಡು ಸಾಯಿಸ್ಬೇಡ ಮಾರಾಯ್ತಿ, ಅದೊಂದು ಉಳೀಲಿ."

ಸಾಯಿಸಬೇಡ ಎಂದ. ಹಾಸ್ಯಕ್ಕೇ ಅಂದಿರಬಹುದು, ಅವಳ ಎದೆಗೆ ಮಾತ್ರ ನಾಟಿತು. ನನ್ನಿಂದ ಅವನ ಸೊಂಟ ಮುರಿಯಿತು, ಈಗ ಇದೂ ನನ್ನ ಕೈಯಲ್ಲೇ ಹೋದರೆ ಯಾವ ಮುಖ ಇಟ್ಟುಕೊಂಡು ಅವನೆದುರು ಬಾಗಿಲು ತೆಗೆಯಲಿ?

ಮಿಡತೆ ಬಂತು. ಬೆರಳುದ್ದದ ರಾಕ್ಷಸ! ಮಾಂಸ ಸುಡುವ ಉದ್ದ ಇಕ್ಕಳದಲ್ಲಿ ಹಿಡಿದು ಕೊಟ್ಟಳು. ಒಂದು ತಪ್ಪಿಸಿಕೊಂಡು ಪರದೆಗೆ ಹಾರಿದಾಗ ಅವಳು ಅಡುಗೆಮನೆಯ ಕುರ್ಚಿ ಹತ್ತಿ ಅಲ್ಲೇ ನಿಂತುಬಿಟ್ಟಳು. ಆದರೆ ಪಾಸ್ಟರ್ ಕಣ್ಣು ಹೊರಳಿಸಿತು, ನಾಲಗೆ ಚಿಮ್ಮಿತು, ಕರಕರ ಅಗಿಯಿತು. ಆ ಸದ್ದಿಗೆ ಮೈ ಜುಮ್ಮೆಂದರೂ ಅವಳಿಗೆ ಸಂಗೀತ ಕೇಳಿದಷ್ಟು ಸಂತೋಷವಾಯಿತು. ಆಮೇಲೆ ನೊಣ ತಿಂದಿತು, ಹಿಪ್ಪುನೇರಳೆ ಸೊಪ್ಪು ಮೇಯುವ ಕೊಬ್ಬಿದ ರೇಷ್ಮೆ ಹುಳ ತಿಂದಿತು. ಕೇಕಿನ ಮೇಲೆ ಸಕ್ಕರೆ ಉದುರಿಸಿದಂತೆ ಹುಳಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಟ್ಟಳು. ಸ್ವಲ್ಪ ಸ್ವಲ್ಪ ತಿಂದಿತು, ಮತ್ತೆ ಮೊಂಡು ಹಿಡಿಯಿತು.

"ಗದ್ದೆ ಬದುವಿಗೆ ಹೋಗು," ಎಂದ ಬೋಡೊ. "ಔಷಧಿ ಹೊಡೀದ ಹುಲ್ಲು, ನದಿ ಏರಿ ಆಚೆ. ನನ್ನ ಬಲೆ ತಗೊಂಡು ಬೀಸು. ಬಿದ್ದದ್ದೆಲ್ಲ ಹಾಕು. ನಾಡಿದ್ದು ನಾನೂ ಬಂದ್ಬಿಡ್ತೀನಿ."

ಮರುದಿನ ರೋಸ್ವಿಟಾ ಸೊಂಟದೆತ್ತರದ ಹುಲ್ಲಿನಲ್ಲಿ ಬಲೆ ಬೀಸುತ್ತಿದ್ದಳು. ಏರಿಯ ಮೇಲೆ ನಾಯಿ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯ ಶ್ರೀಮತಿ ಪೆಟ್ಸ್‌ನಿಕ್ ನಿಂತು ಕೂಗಿದಳು: "ಏನ್ರೀ, ಈ ವಯಸ್ಸಲ್ಲಿ ಚಿಟ್ಟೆ ಹಿಡಿಯೋಕೆ ಹೊರಟ್ರಾ?"

"ಊಟ ಹಿಡೀತಿದೀನಿ ಕಣ್ರೀ!"

"ಅಯ್ಯೋ ದೇವರೇ! ಪಿಂಚಣಿ ಸಾಲ್ತಾ ಇಲ್ವಾ?"

ಬಲೆಯಲ್ಲಿ ಬಿದ್ದದ್ದು ಕಲಸುಮೇಲೋಗರ. ಹಸಿರು ಮಿಡತೆ, ಜೇಡ, ಪತಂಗ, ಹೆಸರಿಲ್ಲದ ನೂರೆಂಟು ಕಾಲುಗಳು. ಮನೆಗೆ ತಂದು ಬಲೆಯನ್ನು ಗೂಡಿನೊಳಗೆ ಕೊಡವಿದಳು. ಕೊನೆಗೆ ಒಂದು ಕಪ್ಪು ಹುಳ ಬಲೆಗೆ ಕಚ್ಚಿಕೊಂಡಿತ್ತು. ಚಪ್ಪಟೆ ಮೈ, ಪಕ್ಕಗಳಲ್ಲಿ ಹಳದಿ ಚುಕ್ಕೆ. ಇಕ್ಕಳದಿಂದ ಅದನ್ನೂ ಎಳೆದು ಗೂಡಿನೊಳಗಿನ ಕುಂಡದ ಗಿಡದ ಮೇಲೆ ಬೀಳಿಸಿದಳು. ಪಾಸ್ಟರ್ ಎರಡು ಕಣ್ಣನ್ನೂ ಒಟ್ಟಿಗೆ ಮುಂದಕ್ಕೆ ತಂದಿತು. ನಾಲಗೆ ಹೊರಟಿತು, ಮತ್ತೆ ಹೊರಟಿತು. ಅವಳು ಕೈಗವಸು ತೊಟ್ಟುಕೊಂಡೇ ಚಪ್ಪಾಳೆ ತಟ್ಟಿದಳು.

ಕಾಫಿಯ ಹೊತ್ತಿಗೆ ಬೋಡೊ ಫೋನ್ ಮಾಡಿದ. "ತಿಂತಾ? ಶಾಭಾಷ್! ಅಂದ ಹಾಗೆ ಒಂದು ಮಾತು ಮರ್ತೇಬಿಟ್ಟಿದ್ದೆ. ಮಿಣುಕುಹುಳ ಮಾತ್ರ ಬೀಳಬಾರದು. ವಿಷ ಅದು. ಮರಿಹುಳಾನೂ ಅಷ್ಟೇ, ಕಪ್ಪಗೆ, ಚಪ್ಪಟೆ, ಪಕ್ಕದಲ್ಲಿ ಹಳದಿ ಚುಕ್ಕೆ. ಒಂದು ತಿಂದ್ರೆ ಕಥೆ ಮುಗೀತು. ನೋಡಿ ತಾನೇ ಹಾಕಿದ್ದು?"

ರೋಸ್ವಿಟಾ ಗೂಡಿನ ಕಡೆ ತಿರುಗಿ ನೋಡಿದಳು. "ನೋಡ್ದೆ," ಎಂದಳು. "ಏನಾದ್ರೂ ತಿಂದ್ರೆ... ಏನ್ ಮಾಡ್ಬೇಕು?"

"ತಕ್ಷಣ ಲ್ಯೂನೆಬರ್ಗಿನ ಪ್ರಾಣಿ ಡಾಕ್ಟರ ಹತ್ರ ಒಯ್ದು ಹೊಟ್ಟೆ ತೊಳೆಸ್ಬೇಕು. ಆದ್ರೆ ಸುಮ್ಸುಮ್ನೆ ಒಯ್ದೀಯ ಮತ್ತೆ! ಈ ನಿತ್ರಾಣದಲ್ಲಿ ದಾರೀಲಿ ಹೆದ್ರಿಕೊಂಡೇ ಸಾಯುತ್ತೆ."

ಫೋನಿಟ್ಟವಳು ಗೂಡಿಗೆ ಓಡಿದಳು. ಎಲೆ ಎಲೆ ಹುಡುಕಿದಳು. ಕುಂಡದ ತುಂಬ ಕಪ್ಪು ಮಣ್ಣು, ಪಾಚಿ, ಬೇರು. ಕಪ್ಪು ಹುಳ ಕಪ್ಪು ಮಣ್ಣಿನಲ್ಲಿ ಹೇಗೆ ಕಾಣಬೇಕು? ತಿಂದಿದ್ದರೆ ಈಗಲೇ ಹೊರಡಬೇಕು. ತಿನ್ನದಿದ್ದರೆ ಹೊರಡಲೇಬಾರದು. ಮಿಣುಕುಹುಳದ ಮರಿಯೂ ಮಿಣುಕುತ್ತದೆ; ಹುಳ ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಕತ್ತಲೆ ಒಂದೇ. ಹೊರಗೆ ಜೂನ್ ತಿಂಗಳ ಬಿಸಿಲು. ಸೂರ್ಯ ಮುಳುಗುವಷ್ಟರಲ್ಲಿ ಪಾಸ್ಟರ್ ಇರುತ್ತದೋ ಇಲ್ಲವೋ. ಇಡೀ ಮನೆಯಲ್ಲಿ ಕತ್ತಲೆ ಇದ್ದದ್ದು ಒಂದೇ ಕಡೆ. ನೆಲಮಾಳಿಗೆ.

ಮೊದಲು ಪಾಸ್ಟರನ್ನು ಗಿಡದಿಂದ ಬಿಡಿಸಬೇಕಿತ್ತು. ಅದನ್ನು ಅವಳು ಎಂದೂ ಮುಟ್ಟಿರಲಿಲ್ಲ. ಕೈಗವಸಿನಲ್ಲಿ ಹಿಡಿದರೆ ಕಾಲು ಮುರಿದೀತೆಂದು ಬರಿಗೈ ಚಾಚಿದಳು. ಇಕ್ಕಳದಂಥ ಸಣ್ಣ ಪಾದಗಳು ಅವಳ ಬೆರಳನ್ನು ಹಿಡಿದವು. ಮರುಕ್ಷಣವೇ ಅದರ ಹಸಿರು ಮೈ ಕಪ್ಪಿಟ್ಟಿತು, ಬಾಯಿ ತೆರೆಯಿತು. ವಿಷ ಏರಿತೇ? ಅಥವಾ ಹೆದರಿಕೆಯೇ? ಹೆದರಿದರೂ ಅದು ಕಪ್ಪಾಗುತ್ತದೆಂದು ಬೋಡೊ ಹೇಳಿದ್ದ. "ಹೆದರ್ಬೇಡ ಕಣೋ," ಎಂದಳು ರೋಸ್ವಿಟಾ, ತನಗೂ ಸೇರಿಸಿಯೇ. ಅದನ್ನು ಪರದೆಗೆ ಹತ್ತಿಸಿ, ಕುಂಡವನ್ನು ಎದೆಗವಚಿಕೊಂಡಳು.

ನೆಲಮಾಳಿಗೆಯ ದೀಪ ಹಾಕಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದಳು. ಅದೇ ಹಸಿಮಣ್ಣಿನ ವಾಸನೆ. ಕುಂಡವನ್ನು ಆಲೂಗಡ್ಡೆ ಪೆಟ್ಟಿಗೆಯ ಪಕ್ಕ ಇಟ್ಟಳು. ಸ್ವಿಚ್ಚು ಮೇಲಿತ್ತು. ಮತ್ತೆ ಹತ್ತಿದಳು. ಬಾಗಿಲು ಮುಚ್ಚಿಕೊಂಡು, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಚರ್ಚಿಗೆ ಹೋಗದ ಎಷ್ಟೋ ವರ್ಷಗಳ ನಂತರ ದೇವರ ಹೆಸರು ಹೇಳಿ, ಒತ್ತಿದಳು.

ಕತ್ತಲೆ ಮುಖಕ್ಕೆ ಬಡಿಯಿತು. ಮೆಟ್ಟಿಲ ಮೇಲೆ ಕೂತು ಜಾರುತ್ತ ಜಾರುತ್ತ ಇಳಿದಳು, ಚಿಕ್ಕ ಮಗುವಿನ ಹಾಗೆ. ಏನೋ ಹಾರಿ ಕೆನ್ನೆಗೆ ತಗುಲಿತು. ಕಿರುಚಲು ಬಾಯಿ ತೆರೆದಳು, ಗಂಟಲಿನಲ್ಲಿ ದನಿಯಿರಲಿಲ್ಲ. ಕೈಗೆ ಸಿಕ್ಕ ಕುಂಡವನ್ನು ಅಲುಗಿಸಿದಳು. ಏನೂ ಇಲ್ಲ. ಇನ್ನೊಮ್ಮೆ ಅಲುಗಿಸಿದಳು. ಕಣ್ಣು ಬಿಟ್ಟರೂ ಮುಚ್ಚಿದರೂ ಅದೇ ಕಪ್ಪು. ತಿಂದುಬಿಟ್ಟಿದೆ, ಓಡು, ಟ್ಯಾಕ್ಸಿ ಕರೆ ಎಂದು ಮನಸ್ಸು ಕೂಗಿತು. ಕಾಲು ಮೆಟ್ಟಿಲಿನ ಕಡೆ ತಿರುಗಿತು. ಆದರೂ ಅವಳು ಕೂತಳು. ಈ ಕತ್ತಲೆಯಲ್ಲಿ ಕೂತಿರುವುದು ಅವಳಿಗೆ ಗೊತ್ತಿದ್ದ ಕೆಲಸ, ಒಮ್ಮೆ ಮಾಡಿದ್ದಳು.

ಆಗ ಪಾಚಿಯ ಅಡಿಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿತು. ಸಾಸಿವೆ ಕಾಳಿನಷ್ಟು. ಆರಿತು. ಮತ್ತೆ ಹೊತ್ತಿತು.

ರೋಸ್ವಿಟಾ ಬಿಕ್ಕಿಬಿಕ್ಕಿ ಅತ್ತಳು. ಹುಳವನ್ನು ಪಾಚಿಸಮೇತ ಬರಿಗೈಯಲ್ಲೇ ಎತ್ತಿಕೊಂಡು, ಅದರ ಬೆಳಕು ನೋಡುತ್ತ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.

ಮೇಲೆ ಬಂದಾಗ ಪಾಸ್ಟರ್ ಪರದೆಯ ಮೇಲೆ ಹಸಿರಾಗಿ ಕೂತು ಕಿಟಕಿಯ ನೊಣವೊಂದಕ್ಕೆ ಗುರಿಯಿಡುತ್ತಿತ್ತು. ಅವಳು ಬೋಡೊಗೆ ಫೋನ್ ಮಾಡಿದಳು.

"ನಿಂಗೆ ಸುಳ್ಳು ಹೇಳ್ದೆ. ಮಿಣುಕುಹುಳ ಬಿದ್ದಿತ್ತು. ಆದ್ರೆ ತಿಂದಿಲ್ಲ, ಸಿಕ್ತು. ನೆಲಮಾಳಿಗೆಗೆ ಕುಂಡ ಒಯ್ದು ಕತ್ತಲಲ್ಲಿ ಹುಡುಕ್ದೆ."

"ಕತ್ತಲಲ್ಲಾ? ದೀಪ ಯಾರು ಆರಿಸಿದ್ದು?"

"ನಾನೇ. ಇನ್ಯಾರು? ನೀನಂತೂ ಆಸ್ಪತ್ರೇಲಿದೀಯ."

ಬೋಡೊ ಮೂಗೊರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು.

"ನಾಳೆ ಬರ್ತೀಯಲ್ಲ," ಎಂದಳು ಅವಳು. "ಊಟಕ್ಕೆ ಆಲೂಗಡ್ಡೆ ಬೇಯಿಸ್ತೀನಿ."

"ತರೋರು ಯಾರು ರೋಸಿ?"

"ತಂದಾಯ್ತು. ಬರ್ತಾ ಮಡಿಲಲ್ಲಿ ತುಂಬ್ಕೊಂಡು ಬಂದೆ."